ಕೆಂಪು ದೀಪದಲ್ಲೇ ನಿಂತ ಫ್ರೀ ಡಿಶ್ ಬಾಕ್ಸ್

ಪೆನ್‌ಡ್ರೈವ್‌ನಿಂದ ಸಾಫ್ಟ್‌ವೇರ್ ಹಾಕುತ್ತಿರುವಾಗ ಕರೆಂಟ್ ಹೋಗಿ ಕೆಟ್ಟ ಡಿಡಿ ಫ್ರೀ ಡಿಶ್ ಬಾಕ್ಸ್‌ಗಳು ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಈಚೆಗೆ ಬಂದದ್ದೂ ಅಂಥದ್ದೇ: ಕೆಂಪು ದೀಪ ಉರಿಯುತ್ತದೆ, ಅಂಕಿ ಮೂಡುವುದಿಲ್ಲ, ರಿಮೋಟ್‌ಗೆ ಓಗೊಡುವುದಿಲ್ಲ.

ಸಾಫ್ಟ್‌ವೇರನ್ನು ದೂರುವ ಮೊದಲು ಮಲ್ಟಿಮೀಟರ್ ಹಿಡಿಯುವುದು ನನ್ನ ರೂಢಿ. ಕೆಪಾಸಿಟರ್ ಉಬ್ಬಿದರೂ ಬಾಕ್ಸ್ ಹೀಗೆಯೇ ಸತ್ತಂತೆ ಬಿದ್ದಿರುತ್ತದೆ. ಇಲ್ಲಿ 3.3 ವೋಲ್ಟ್ ಸ್ಥಿರವಾಗಿತ್ತು, ಪ್ರೊಸೆಸರ್‌ನ 1.2 ವೋಲ್ಟ್ ಕೂಡ. ಬೋರ್ಡ್ ತನ್ನ ಸ್ಥಿತಿಯನ್ನು ಅಕ್ಷರಗಳಲ್ಲಿ ಹೇಳುವ ಸೀರಿಯಲ್ ಪೋರ್ಟ್‌ಗೆ ಕಂಪ್ಯೂಟರ್ ಜೋಡಿಸಿ, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಕಾದೆ. ಸರಿಯಿರುವ ಬೋರ್ಡ್ ಸ್ವಿಚ್ ಹಾಕಿದ ಕೂಡಲೇ ನಾಲ್ಕು ಸಾಲು ಒದರುತ್ತದೆ. ಇದು ತುಟಿ ಬಿಚ್ಚಲಿಲ್ಲ. ಸ್ವಿಚ್ ಹಾಕಿದೊಡನೆ ಮೊದಲು ಓಡುವ ಚಿಕ್ಕ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್, ಉಳಿದಿದ್ದರೆ ಕೇಬಲ್ಲಿನಲ್ಲೇ ಕೆಲಸ ಮುಗಿಯುತ್ತಿತ್ತು. ಇನ್ನು ಸಾಫ್ಟ್‌ವೇರ್ ಕೂತಿರುವ ಫ್ಲ್ಯಾಶ್ ಚಿಪ್‌ಗೇ ಕೈ ಹಾಕಬೇಕು.

ಪ್ರೊಸೆಸರ್ ಪಕ್ಕದ ಎಂಟು ಕಾಲಿನ ಚಿಪ್ ಅದು, ಮೇಲೆ 25ಕ್ಯೂ32 ಎಂಬ ಬರಹ. ಬೋರ್ಡ್ ಮೇಲಿದ್ದಂತೆಯೇ ಕ್ಲಿಪ್ ಕಚ್ಚಿಸಿ ಓದುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಕ್ಲಿಪ್‌ನಿಂದ ಹೋದ ವಿದ್ಯುತ್ ಪ್ರೊಸೆಸರನ್ನೂ ಎಬ್ಬಿಸುತ್ತದೆ, ಅದೂ ಅವೇ ತಂತಿಗಳಲ್ಲಿ ಚಿಪ್ಪನ್ನು ಮಾತಾಡಿಸತೊಡಗುತ್ತದೆ, ಆಮೇಲೆ ಓದಿದಾಗಲೆಲ್ಲ ಬೇರೆ ಬೇರೆ ಉತ್ತರ. ಹಾಗಾಗಿ ಬಿಸಿಗಾಳಿಯಿಂದ ಬಿಡಿಸಿ, ಒಂದನೇ ಕಾಲಿನ ಚುಕ್ಕೆ ನೋಡಿಕೊಂಡು ಚಿಪ್ ಓದುವ, ಬರೆಯುವ ಸಾಧನವಾದ ಸಿಎಚ್341ಎ ಪ್ರೋಗ್ರಾಮರ್‌ನಲ್ಲಿ ಕೂರಿಸಿದೆ. ಅಗ್ಗದ ಕಪ್ಪು ಪ್ರೋಗ್ರಾಮರ್‌ಗಳ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬರುವುದುಂಟು. ಈ ಚಿಪ್ 3.3ರದ್ದು. ವೋಲ್ಟೇಜ್ ಸ್ವಿಚ್ ಇರುವುದನ್ನೇ ಇಟ್ಟುಕೊಂಡಿದ್ದೇನೆ.

ಓದಿ, ಮತ್ತೊಮ್ಮೆ ಓದಿ, ಎರಡೂ ಫೈಲ್ ಒಂದೇ ಎಂದು ತಾಳೆ ನೋಡಿದೆ. ತೆರೆದರೆ ಆರಂಭದ ಭಾಗದ ತುಂಬ ಬರೀ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ಎಫ್‌ಎಫ್ ಎಂದರೆ ಎಂಟೂ ಬಿಟ್ 1, ಅಂದರೆ ಖಾಲಿ ಜಾಗ. ಫ್ಲ್ಯಾಶ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲಾಗದು. ಮೊದಲು ಬ್ಲಾಕನ್ನು ಅಳಿಸಿ ಬಿಟ್‌ಗಳನ್ನೆಲ್ಲ 1 ಮಾಡಬೇಕು. ಅಳಿಸಿ ಆಗಿತ್ತು, ಬರೆಯುವಷ್ಟರಲ್ಲಿ ಕರೆಂಟ್ ಕೈಕೊಟ್ಟಿತ್ತು.

ನಿಜವಾದ ತಲೆನೋವು ಇನ್ನು ಮುಂದಿನದು: ಯಾವ ಫೈಲ್ ತುಂಬುವುದು? ಡಬ್ಬಿಯ ಮೇಲಿನ ಹೆಸರನ್ನು ನಾನು ನಂಬುವುದಿಲ್ಲ. ಒಂದೇ ಹೆಸರಿನ, ಒಂದೇ ಬಣ್ಣದ ಬಾಕ್ಸ್‌ಗಳೊಳಗೆ ಬೇರೆ ಬೇರೆ ಟ್ಯೂನರ್ (ಡಿಶ್‌ನ ಸಿಗ್ನಲ್ ಹಿಡಿಯುವ ಭಾಗ) ಕಂಡಿದ್ದೇನೆ. ಟ್ಯೂನರ್ ಹೊಂದದಿದ್ದರೆ ಮೆನು ಚೆಂದವಾಗಿ ಬರುತ್ತದೆ, ಸಿಗ್ನಲ್ ಮಾತ್ರ ಸೊನ್ನೆ. ನೋಡಬೇಕಾದದ್ದು ಬೋರ್ಡ್ ಮೇಲೆ ಅಚ್ಚಾದ ಸಂಖ್ಯೆ. ಪುಣ್ಯಕ್ಕೆ ಅದೇ ಸಂಖ್ಯೆಯ ಬೋರ್ಡೊಂದು ಗುಜರಿ ರಾಶಿಯಲ್ಲಿತ್ತು. ಸಿಡಿಲಿಗೆ ಟ್ಯೂನರ್ ಸುಟ್ಟಿದ್ದರೂ ಫ್ಲ್ಯಾಶ್ ಗಟ್ಟಿಯಾಗಿತ್ತು. ಅದರ 4 ಎಂಬಿಯನ್ನೂ ಓದಿಕೊಂಡೆ. ಫೈಲ್ ಸರಿಯಾಗಿ 41,94,304 ಬೈಟ್ ಇರಬೇಕು, ಒಂದೂ ಆಚೀಚೆ ಆಗಬಾರದು. ಕೆಟ್ಟ ಚಿಪ್ಪನ್ನು ಪೂರ್ತಿ ಅಳಿಸಿ, ಬರೆದು, ವೆರಿಫೈ ಮಾಡಿ ಮತ್ತೆ ಬೆಸೆದೆ. ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸ್‌ಗಳನ್ನು ಮಾತ್ರ ನಾನು ಮುಟ್ಟುವುದಿಲ್ಲ. ಕಾರ್ಡ್, ಬೀಗ ಎಲ್ಲ ಇರುವ ಅವುಗಳ ಕಥೆಯೇ ಬೇರೆ.

ಸ್ವಿಚ್ ಹಾಕಿದೆ, ಅಂಕಿ ಮೂಡಿತು. ಗುಜರಿ ಬೋರ್ಡಿನ ಚಾನೆಲ್ ಪಟ್ಟಿಯೂ ಫೈಲ್ ಜೊತೆ ಬಂದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಿ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದ ಕಡೆಗೆ ತಿರುಗಿಸಿಟ್ಟ ಅಂಗಡಿಯ ಡಿಶ್‌ಗೆ ಜೋಡಿಸಿ ಹೊಸದಾಗಿ ಸ್ಕ್ಯಾನ್ ಮಾಡಿದೆ. ಬಾಕ್ಸ್ ತಂದಿದ್ದ ಹಿರಿಯರು ಪಕ್ಕದಲ್ಲೇ ನಿಂತಿದ್ದರು. "ಚಂದನ ಬಂದರೆ ಸಾಕಪ್ಪ, ಉಳಿದದ್ದು ಮೊಮ್ಮಕ್ಕಳಿಗೆ" ಎಂದರು. ಇನ್ನು ಅಪ್‌ಡೇಟ್ ಮಾಡುವುದಿದ್ದರೆ ಯುಪಿಎಸ್ ಇರುವ ಕಡೆ ಮಾಡಿಸಿ ಎಂದು ಅವರಿಗೆ ಹೇಳಿ, ಓದಿಟ್ಟ ಫೈಲ್‌ಗೆ ಬೋರ್ಡ್ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಉಳಿಸಿಕೊಂಡೆ.