ಒಂದೇ ಫೋಟೊ ನಾಲ್ಕು ಕಡೆ: ಯಾವುದನ್ನು ಉಳಿಸುವುದು, ಯಾವುದನ್ನು ತೆಗೆಯುವುದು?

ಡಿಸ್ಕ್ ತುಂಬಿತೆಂದು ಗಾಬರಿಯಾಗಿ ನಕಲು ಫೈಲುಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡುವವರು ಬಹಳ. ಆಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್‌ ಕಡೆಯ ರಿಪೇರಿ ಅಂಗಡಿಗೆ ಸಿಪಿಯು ಹೊತ್ತು ತಂದು, "ಮದುವಿ ಫೋಟೊ ಎಲ್ಲಾ ಹೋದ್ವು ನೋಡ್ರಿ ಸರ, ಏನಾರ ಮಾಡಿ ತೆಗೆದುಕೊಡ್ರಿ" ಎನ್ನುತ್ತಾರೆ. ನಕಲು ಹುಡುಕುವುದು ಸುಲಭ. ಎಡವುವುದು ಯಾವುದನ್ನು ಉಳಿಸಬೇಕು ಎನ್ನುವಲ್ಲಿ.

ಮೊದಲು ಬೇಕಾದದ್ದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಿ.

ಆಮೇಲೆ ನಕಲು ಫೈಲು ಹುಡುಕಿಕೊಡುವ 'ಡ್ಯೂಪ್‌ಗುರು' (dupeGuru) ಹಾಕಿಕೊಳ್ಳಿ. ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಜಾಹೀರಾತಿನಲ್ಲಿ ಬರುವ 'ಪಿಸಿ ಕ್ಲೀನರ್'ಗಳನ್ನು ಮುಟ್ಟಲೇಬೇಡಿ. ಸಾವಿರಾರು ನಕಲು ಸಿಕ್ಕಿವೆ ಎಂದು ಕೆಂಪಕ್ಷರದಲ್ಲಿ ಹೆದರಿಸಿ, ಅಳಿಸಲು ದುಡ್ಡು ಕೇಳುತ್ತವೆ.

ಹುಡುಕಲು ನಿಮ್ಮ ಫೋಟೊ, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನಷ್ಟೇ ಕೊಡಿ. ಇಡೀ ಸಿ ಡ್ರೈವ್ ಕೊಡಬೇಡಿ. ಒಂದೇ ಫೈಲಿನ ಪ್ರತಿಯನ್ನು ಹಲವು ಪ್ರೋಗ್ರಾಂಗಳು ತಂತಮ್ಮ ಜಾಗದಲ್ಲಿ ಇಟ್ಟುಕೊಂಡಿರುತ್ತವೆ, ಅದನ್ನು ಅಳಿಸಿದರೆ ಆ ಪ್ರೋಗ್ರಾಂ ನಿಂತುಹೋಗಬಹುದು. ಹುಡುಕುವ ಬಗೆಯಲ್ಲಿ 'ಕಂಟೆಂಟ್ಸ್' ಆರಿಸಿ, ಅದು ಫೈಲಿನ ಒಳಗಿರುವುದನ್ನೇ ಹೋಲಿಸುತ್ತದೆ. ಹೆಸರು ನೋಡಿ ಹೋಲಿಸುವುದನ್ನು ನಂಬಬೇಡಿ. ನಾಡಕಚೇರಿಯ ಹಳೆಯ ಆದಾಯ ಪ್ರಮಾಣಪತ್ರವೂ ಹೊಸದೂ ಒಂದೇ ಹೆಸರಿನಲ್ಲಿ ಎರಡು ಫೋಲ್ಡರಿನಲ್ಲಿರಬಹುದು. 371(ಜೆ) ಪ್ರಮಾಣಪತ್ರವೊಂದೇ ಐದು ಹೆಸರಿನಲ್ಲಿರಬಹುದು.

ಈಗ ಮುಖ್ಯ ಘಟ್ಟ, ಇಲ್ಲಿ ಅವಸರ ಬೇಡ. ಯಾವ ಫೋಲ್ಡರನ್ನು ನೀವು ಚೆನ್ನಾಗಿ ಜೋಡಿಸಿ ಇಟ್ಟಿದ್ದೀರೋ ಅದರ ಮುಂದೆ 'ನಾರ್ಮಲ್' ಎಂದಿರುವುದನ್ನು 'ರೆಫರೆನ್ಸ್' ಎಂದು ಬದಲಿಸಿ. ಆಗ ಅದರೊಳಗಿನ ಫೈಲುಗಳಿಗೆ ಅಳಿಸುವ ಗುರುತು ಹಾಕಲು ಬರುವುದೇ ಇಲ್ಲ. ಉದಾಹರಣೆಗೆ, ಶರಣಬಸವೇಶ್ವರ ಜಾತ್ರೆಯ ತೇರಿನ ಫೋಟೊ 'ಜಾತ್ರೆ 2024' ಫೋಲ್ಡರಿನಲ್ಲೂ ಇದೆ, ಡೌನ್‌ಲೋಡ್ಸ್‌ನಲ್ಲೂ ಇದೆ ಎನ್ನಿ. ಈ ಬದಲಾವಣೆ ಮಾಡದೆ 'ಮಾರ್ಕ್ ಆಲ್' ಒತ್ತಿ ಅಳಿಸಿದರೆ ಜಾತ್ರೆಯ ಫೋಲ್ಡರಿನ ಅರ್ಧ ಫೋಟೊ ಹೋಗಿ, ಡೌನ್‌ಲೋಡ್ಸ್‌ನ ಕಸದ ನಡುವೆ ಅವುಗಳ ಜೋಡಿ ಉಳಿಯಬಹುದು. ಫೋಟೊ ಕಳೆದಿಲ್ಲ, ನಿಜ. ಆದರೆ ಮನೆಯವರಿಗೆ ಅದು ಮತ್ತೆ ಸಿಗುವುದಿಲ್ಲ.

ವಾಟ್ಸ್‌ಆ್ಯಪ್ ಫೋಟೊಗಳ ಲೆಕ್ಕವೇ ಬೇರೆ. ಫೋಟೊವಾಗಿ ಕಳಿಸಿದಾಗ ಅದು ಗಾತ್ರ ಕುಗ್ಗಿಸುತ್ತದೆ, ತೆಗೆದ ದಿನಾಂಕದ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಹಾಗಾಗಿ ಮೂಲಕ್ಕೂ ಅದಕ್ಕೂ ಒಳಗಿನ ಮಾಹಿತಿ ಹೊಂದದೆ 'ಕಂಟೆಂಟ್ಸ್' ಹುಡುಕಾಟದಲ್ಲಿ ಜೋಡಿಯಾಗಿ ಬರುವುದಿಲ್ಲ. ಇವಕ್ಕೆ ಚಿತ್ರ ನೋಡಲು ಒಂದೇ ತರ ಇದೆಯೇ ಎಂದು ಹೋಲಿಸುವ 'ಪಿಕ್ಚರ್' ಮೋಡ್ ಬೇಕು. ಅಲ್ಲಿ ಒಂದೊಂದೇ ಜೋಡಿ ತೆರೆದು ನೋಡಿ, ಯಾಕೆಂದರೆ ಬೆನ್ನುಬೆನ್ನಿಗೆ ತೆಗೆದ ಎರಡು ಬೇರೆ ಫೋಟೊಗಳನ್ನೂ ಅದು ಒಂದೇ ಎನ್ನುತ್ತದೆ. ಹೆಸರಿನ ಕೊನೆಯ ಅಂಕಿಗಳಿಗೆ ಮುಂಚೆ 'ಡಬ್ಲ್ಯೂಎ' (WA) ಅಂತಿದ್ದರೆ ಅದು ವಾಟ್ಸ್‌ಆ್ಯಪ್‌ನದು, ಎಂಬಿ ಹೆಚ್ಚಿರುವುದು ಸಾಮಾನ್ಯವಾಗಿ ಮೂಲ. ಮೂಲವನ್ನೇ ಇಟ್ಟುಕೊಳ್ಳಿ.

ಗುರುತು ಹಾಕಿದ ಮೇಲೂ ಅಳಿಸಬೇಡಿ. 'ಮೂವ್ ಮಾರ್ಕ್ಡ್' ಬಳಸಿ ಎಲ್ಲವನ್ನೂ ಒಂದು ಬೇರೆ ಫೋಲ್ಡರಿಗೆ ಸಾಗಿಸಿ, ತಿಂಗಳು ಬಿಡಿ. ಯಾರೂ ಏನನ್ನೂ ಹುಡುಕಿಕೊಂಡು ಬರದಿದ್ದರೆ ಆಮೇಲೆ ತೆಗೆಯಿರಿ. ಈ ಸಾಗಣೆಯನ್ನು ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವ ಹೊತ್ತಿಗೆ ಇಟ್ಟುಕೊಳ್ಳದೆ, ಯುಪಿಎಸ್ ಇಲ್ಲದ ಮನೆಯವರು ಬೆಳಗ್ಗೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಜೋಡಿಸಿದ ಫೋಲ್ಡರಾದರೆ ಇಲ್ಲಿ ತೆಗೆದದ್ದು ಕ್ಲೌಡ್‌ನಿಂದಲೂ ಹೋಗುತ್ತದೆ. ವೈಯಕ್ತಿಕ ಖಾತೆಯಾದರೆ ಅದರ ರಿಸೈಕಲ್ ಬಿನ್‌ನಲ್ಲಿ 30 ದಿನ ಸಿಗುತ್ತದೆ. ಪೆನ್‌ಡ್ರೈವ್‌ನಿಂದ ಅಳಿಸಿದ್ದಕ್ಕೆ ವಿಂಡೋಸ್‌ನಲ್ಲಿ ರಿಸೈಕಲ್ ಬಿನ್ನೇ ಇಲ್ಲ. ಫೋಟೊಗ್ರಾಫರ್ ಕೊಟ್ಟ ಮದುವೆಯ ಪೆನ್‌ಡ್ರೈವನ್ನು ಈ ಹುಡುಕಾಟಕ್ಕೆ ಸೇರಿಸಲೇಬೇಡಿ.