ಫ್ಯಾನ್ ಒಂದೇ, ಮೂರು ಕಾಲಕ್ಕೆ ಮೂರು ಲೆಕ್ಕ

ಖಾಲಿ ಕೋಣೆಯಲ್ಲಿ ಫ್ಯಾನ್ ಹಾಕಿಟ್ಟು ಹೋದರೆ ವಾಪಸ್ ಬರುವಷ್ಟರಲ್ಲಿ ಕೋಣೆ ತಂಪಾಗಿರುವುದಿಲ್ಲ. 75 ವಾಟಿನ ಮೋಟಾರಿನ ಬಿಸಿಯೂ ಸೇರಿ, ಗುಲಗಂಜಿಯಷ್ಟು ಹೆಚ್ಚೇ ಬಿಸಿಯಾಗಿರುತ್ತದೆ. ಫ್ಯಾನ್ ಮಾಡುವ ಕೆಲಸ ಒಂದೇ: ಮೈಮೇಲೆ ಗಾಳಿ ಆಡಿಸಿ ಬೆವರು ಆರಿಸುವುದು. ಎಲ್ಲಿ ತೂಗುಹಾಕಬೇಕು, ಯಾವ ಕಾಲದಲ್ಲಿ ಎಷ್ಟರಲ್ಲಿ ಇಡಬೇಕು, ಯಾವಾಗ ಕಿಟಕಿ ತೆಗೆಯಬೇಕು ಎನ್ನುವುದನ್ನೆಲ್ಲ ನಾನು ಇದರ ಮೇಲೆಯೇ ನಿರ್ಧರಿಸುವುದು.

ಮೊದಲು ಎತ್ತರ. ರೆಕ್ಕೆ ನೆಲದಿಂದ ಎಂಟು ಅಡಿಗಿಂತ ಕೆಳಗೆ ಬರಬಾರದು, ಸೀಲಿಂಗಿಗೆ ಒಂದು ಅಡಿಗಿಂತ ಹತ್ತಿರವೂ ಇರಬಾರದು. ಸೀಲಿಂಗಿಗೆ ಅಂಟಿದ ಹಾಗಿದ್ದರೆ ಮೇಲಿಂದ ಎಳೆದುಕೊಳ್ಳಲು ಗಾಳಿಯೇ ಇರುವುದಿಲ್ಲ, ಐದರಲ್ಲಿಟ್ಟರೂ ಸದ್ದೇ ಜಾಸ್ತಿ. ಹತ್ತು ಅಡಿ ಎತ್ತರದ ಕೋಣೆಗೆ ಒಂದು ಅಡಿ ರಾಡ್ ಸಾಕು, ಹನ್ನೆರಡು ಅಡಿ ಇದ್ದರೆ ಎರಡು ಅಡಿಯದು ಬೇಕು. ಹಂಚಿನ ಮನೆಯಲ್ಲಿ ತೊಲೆಯಿಂದ ಉದ್ದ ಪೈಪ್ ಬಿಡಬೇಕಾಗುತ್ತದೆ. ಆಗ ಫ್ಯಾನ್ ಸ್ವಲ್ಪ ತೂಗಾಡುವುದು ಸಹಜ, ತೊಲೆಯ ಕೊಕ್ಕೆ ಮಾತ್ರ ಅಲ್ಲಾಡಬಾರದು. ರೆಕ್ಕೆಯ ತುದಿಯಿಂದ ಗೋಡೆಗೆ, ಸಜ್ಜಾಕ್ಕೆ ಎರಡು ಅಡಿಯಾದರೂ ಬಿಡಿ. ಹತ್ತು-ಹನ್ನೆರಡರ ಕೋಣೆಗೆ 1200 ಎಂಎಂ ಫ್ಯಾನ್ ಸರಿ. ಹನ್ನೆರಡು-ಹದಿನೆಂಟರ ಹಾಲಿಗೆ ಒಂದು ದೊಡ್ಡ ಫ್ಯಾನ್ ಬದಲು ಎರಡು ಹಾಕಿಸುವುದೇ ಒಳ್ಳೆಯದು.

ಮಂಚ ಹಾಕುವಾಗ ಹೆಚ್ಚಿನವರು ಮೋಟಾರಿನ ನೇರ ಕೆಳಗೆ ಹಾಕುತ್ತಾರೆ. ಆದರೆ ಮೋಟಾರಿನ ಅಡಿಯಲ್ಲಿ ಗಾಳಿ ಸತ್ತಂತಿರುತ್ತದೆ. ಜೋರು ಗಾಳಿ ಬೀಳುವುದು ರೆಕ್ಕೆಯ ಹೊರಗಿನ ಅರ್ಧದ ಕೆಳಗೆ. ಒಂದು ತೆಳು ಪಂಚೆಯನ್ನು ಕೈಯಲ್ಲಿ ಹಿಡಿದು ಫ್ಯಾನಿನ ಕೆಳಗೆ ಹಿಂದೆ ಮುಂದೆ ನಡೆದರೆ ಎಲ್ಲಿ ಹೆಚ್ಚು ಹಾರುತ್ತದೆ ಎಂದು ಕಾಣುತ್ತದೆ. ಮಂಚವನ್ನು ಆ ಜಾಗಕ್ಕೆ ಸರಿಸಿದರೆ ಐದರ ಬದಲು ಮೂರರಲ್ಲೇ ನಿದ್ದೆ ಬರುತ್ತದೆ.

ಬೇಸಿಗೆಯಲ್ಲಿ ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆಯ ಕಷ್ಟವೇ ಬೇರೆ. ಹಗಲಿಡೀ ಕುಡಿದ ಬಿಸಿಲನ್ನು ಸ್ಲ್ಯಾಬ್ ಸಂಜೆಯಿಂದ ತಡರಾತ್ರಿಯವರೆಗೆ ಕೆಳಗೆ ಬಿಡುತ್ತಿರುತ್ತದೆ, ಫ್ಯಾನ್ ಆ ಬಿಸಿ ಗಾಳಿಯನ್ನೇ ತಲೆಗೆ ಸುರಿಯುತ್ತದೆ. ಮಾರ್ಚಿಗೆ ಮೊದಲೇ ತಾರಸಿಗೆ ಎರಡು ಕೈ ಸುಣ್ಣ ಬಳಿಸಿ. ಹೊತ್ತು ಮುಳುಗಿ ಹೊರಗೆ ತಣ್ಣಗಾದ ಮೇಲೆ ಎದುರುಬದುರು ಕಿಟಕಿ ತೆರೆದು, ಒಂದು ಟೇಬಲ್ ಫ್ಯಾನನ್ನು ಹೊರಮುಖವಾಗಿ ಕಿಟಕಿಗೆ ಇಟ್ಟು ಬಿಸಿ ಗಾಳಿ ಹೊರಗೆ ತಳ್ಳಿ, ಆಮೇಲೆ ಸೀಲಿಂಗ್ ಫ್ಯಾನ್ ಹಾಕಿ. ಕಲಬುರಗಿ, ರಾಯಚೂರಿನ ಕಡೆ ಪಾದರಸ 40 ಡಿಗ್ರಿ ದಾಟಿದ ಮಧ್ಯಾಹ್ನ ಇದರ ತಿರುಗಾಮುರುಗಾ. ಕಿಟಕಿ ಮುಚ್ಚಿ, ಒದ್ದೆ ಪರದೆ ಇಳಿಬಿಡಬೇಕು. ಅಲ್ಲಿ ಗಾಳಿ ಮೈಗಿಂತ ಬಿಸಿ. ಒಣ ಫ್ಯಾನ್ ಗಾಳಿಯಲ್ಲಿ ಬೆವರು ಕಾಣದ ಹಾಗೆ ಆರಿಹೋಗುವುದರಿಂದ ನೀರು ಕುಡಿಯುವುದು ಮರೆತೇಹೋಗುತ್ತದೆ. ವಯಸ್ಸಾದವರು, ಮಕ್ಕಳು ಅಂಥ ಹೊತ್ತಿನಲ್ಲಿ ಬರೀ ಫ್ಯಾನ್ ನಂಬಿ ಕೂರಬಾರದು. ಮಂಗಳೂರು, ಉಡುಪಿಯಲ್ಲಿ ಪಾದರಸ ಇಷ್ಟು ಏರುವುದಿಲ್ಲ, ಆದರೆ ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ. ಅಲ್ಲಿ ಕಿಟಕಿ ತೆರೆದು ಐದರಲ್ಲಿಡುವುದೇ ದಾರಿ.

ಎಸಿ ಇರುವ ಕೋಣೆಯಲ್ಲಿ 26ಕ್ಕೆ ಇಟ್ಟು ಫ್ಯಾನ್ ಎರಡರಲ್ಲಿ ಹಾಕಿ. 22ಕ್ಕೆ ಇಳಿಸುವ ಅಗತ್ಯವೇ ಬರುವುದಿಲ್ಲ.

ಮಳೆಗಾಲದಲ್ಲಿ ಫ್ಯಾನ್ ಬಟ್ಟೆ ಒಣಗಿಸುವ ಯಂತ್ರ. ಕೋಣೆ ಮುಚ್ಚಿಟ್ಟು ಫ್ಯಾನ್ ಹಾಕಿದರೆ ಬಟ್ಟೆಯ ನೀರು ಗೋಡೆಗೆ ಹೋಗಿ ಬೂಷ್ಟು ಹಿಡಿಯುತ್ತದೆ. ಮಳೆ ಎರಚದ ಕಡೆಯ ಕಿಟಕಿಯೊಂದನ್ನು ಅರ್ಧ ತೆಗೆದಿಡಿ. ಹಗ್ಗವನ್ನೂ ಮೋಟಾರಿನ ಕೆಳಗೆ ಕಟ್ಟದೆ, ಮೊದಲು ಹೇಳಿದ ಆ ಜೋರು ಗಾಳಿಯ ಜಾಗದಲ್ಲೇ ಕಟ್ಟಿ.

ಚಳಿಗಾಲಕ್ಕೆ ಫ್ಯಾನ್ ಉಲ್ಟಾ ತಿರುಗಿಸಿ ಎಂಬ ಸಲಹೆ ಹೀಟರ್ ಓಡುವ ದೇಶಗಳದ್ದು. ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಅದು ನಿಜಕ್ಕೂ ಉಪಯೋಗ: ಫ್ಯಾನ್ ಪೂರ್ತಿ ನಿಂತ ಮೇಲೆ ಮೋಟಾರಿನ ಮೈಮೇಲಿನ ಸಣ್ಣ ಸ್ವಿಚ್ ಬದಲಿಸಿ, ಕೆಳಗಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ನಿಧಾನ ಓಡಿಸಿದರೆ ಸೀಲಿಂಗಿನಲ್ಲಿ ನಿಂತ ಬೆಚ್ಚನೆ ಗಾಳಿ ಗೋಡೆಗುಂಟ ಇಳಿಯುತ್ತದೆ. ಹೀಟರೇ ಇಲ್ಲದ ಬೆಂಗಳೂರಿನ ಮನೆಯಲ್ಲಿ ಇಳಿಸಲು ಬೆಚ್ಚನೆ ಗಾಳಿ ಎಲ್ಲಿದೆ? ಇಲ್ಲಿ ಡಿಸೆಂಬರಿನಲ್ಲಿ ಫ್ಯಾನ್ ಒಂದರಲ್ಲಿಡುವುದು ಸೊಳ್ಳೆಗೆ. ಅಷ್ಟು ಗಾಳಿಗೂ ಅವಕ್ಕೆ ಮೈಮೇಲೆ ಕೂರುವುದು ಕಷ್ಟ.

ಹೊಸದು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಸ್ಟಾರ್ ಚೀಟಿ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ. ಗಾಳಿ ನಿಮಿಷಕ್ಕೆ 210 ಘನ ಮೀಟರಿಗಿಂತ ಕಡಿಮೆ ಇದ್ದರೆ ನಾನು ಆ ಫ್ಯಾನ್ ಬಿಡುತ್ತೇನೆ, ಎಷ್ಟೇ ಸ್ಟಾರ್ ಇರಲಿ. 75 ವಾಟಿನ ಹಳೆಯ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್, 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿನ ಫ್ಯಾನ್) ಆದರೆ ಸುಮಾರು 11. ಮೂರು ಫ್ಯಾನಿಗೆ ಹತ್ತಿರಹತ್ತಿರ 48 ಯೂನಿಟ್ ಉಳಿತಾಯ. ಗೃಹಜ್ಯೋತಿಯಲ್ಲಿ 200ರ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ, ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕರೆಂಟ್ ಹೋದಾಗ ಯುಪಿಎಸ್ ಕೂಡ ಹೆಚ್ಚು ಹೊತ್ತು ಬರುತ್ತದೆ. ಒಂದು ಎಚ್ಚರಿಕೆ: ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ರೆಗ್ಯುಲೇಟರ್ ಮೂಲಕ ಕೊಡಬಾರದು. ಅದನ್ನು ಬೈಪಾಸ್ ಮಾಡಿಸದಿದ್ದರೆ ಒಳಗಿನ ಬೋರ್ಡ್ ಕೆಡಬಹುದು.

ಇದ್ದ ಫ್ಯಾನ್ ನಿಧಾನವಾದರೆ ಮೊದಲು ರೆಕ್ಕೆಯ ಧೂಳು ತೆಗೆಯಿರಿ. ಹಳೆ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಎಳೆದರೆ ಧೂಳು ಹಾಸಿಗೆಗೆ ಬೀಳುವುದಿಲ್ಲ. ಆಮೇಲೂ ನಿಧಾನವಾದರೆ, ಅಥವಾ ಗುಂಯ್ ಎನ್ನುತ್ತಾ ಕೈಯಲ್ಲಿ ತಳ್ಳಿದರೆ ಮಾತ್ರ ತಿರುಗಿದರೆ, ಹೆಚ್ಚಾಗಿ ಕಂಡೆನ್ಸರ್ (ಕೆಪಾಸಿಟರ್) ಹೋಗಿರುತ್ತದೆ. ಮನೆಯ ಫ್ಯಾನುಗಳಿಗೆ ಸಾಮಾನ್ಯವಾಗಿ 2.5 ಎಂಎಫ್‌ಡಿ (ಮೈಕ್ರೋಫ್ಯಾರಡ್), ಆದರೂ ಹಳೆಯದರ ಮೇಲೆ ಬರೆದದ್ದನ್ನೇ ತನ್ನಿ. ಜೋರಾಗಿ ಓಡಲಿ ಎಂದು ದೊಡ್ಡದು ಹಾಕಿಸುವವರಿದ್ದಾರೆ, ಅದು ವೈಂಡಿಂಗ್ ಸುಡುವ ದಾರಿ. ಬದಲಿಸುವಾಗ ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚನ್ನೇ ಇಳಿಸಿ, ಹಳೆಯ ವೈರಿಂಗಿನಲ್ಲಿ ಗೋಡೆಯ ಸ್ವಿಚ್ ನ್ಯೂಟ್ರಲ್ ಮೇಲೆ ಇದ್ದು, ಆಫ್ ಮಾಡಿದರೂ ಫ್ಯಾನಿನಲ್ಲಿ ಕರೆಂಟ್ ಇರುವುದುಂಟು. ಆಫ್ ಮಾಡಿ ಕೈಯಲ್ಲಿ ತಿರುಗಿಸಿದಾಗ ಬಿಗಿ ಬಂದರೆ, ಗರಗರ ಎಂದರೆ ಕಂಡೆನ್ಸರಿನದಲ್ಲ, ಬೇರಿಂಗಿನ ತೊಂದರೆ. ಸಂಜೆ ಮಾತ್ರ ನಿಧಾನವಾಗುತ್ತಿದ್ದರೆ ಲೈನಿನ ವೋಲ್ಟೇಜೇ ಬಿದ್ದಿದೆ, ಫ್ಯಾನ್ ಬಿಚ್ಚಬೇಡಿ.

ಅಲುಗಾಟಕ್ಕೆ ಹೆಚ್ಚಿನ ಸಲ ರೆಕ್ಕೆಯೇ ಕಾರಣ, ಒರೆಸುವಾಗ ಒತ್ತಿ ಬಗ್ಗಿಸಿರುತ್ತಾರೆ. ಒಂದು ಕೋಲನ್ನು ಸೀಲಿಂಗಿಗೆ ನೇರ ತಾಗಿಸಿ, ಒಂದು ರೆಕ್ಕೆಯ ತುದಿ ಬರುವಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ಕೋಲು ಕದಲಿಸದೆ ಫ್ಯಾನನ್ನು ಕೈಯಲ್ಲಿ ತಿರುಗಿಸಿ, ಉಳಿದ ರೆಕ್ಕೆಗಳೂ ಅದೇ ಗೆರೆಗೆ ಬರುತ್ತವಾ ನೋಡಿ. 3 ಎಂಎಂಗಿಂತ ಹೆಚ್ಚು ವ್ಯತ್ಯಾಸ ಇರುವ ರೆಕ್ಕೆಯನ್ನು ಮೋಟಾರಿನ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ ಗೆರೆಗೆ ತನ್ನಿ. ಮಟ್ಟ ಸರಿಯಿದ್ದೂ ಅಲುಗಿದರೆ ತೂಕದ್ದು. ಒಂದು ರೂಪಾಯಿ ನಾಣ್ಯವನ್ನು ಟೇಪಿನಲ್ಲಿ ಒಂದೊಂದೇ ರೆಕ್ಕೆಯ ಮೇಲ್ಭಾಗಕ್ಕೆ ಅಂಟಿಸಿ ಓಡಿಸಿ ನೋಡಿ, ಯಾವುದರಲ್ಲಿ ಅಲುಗಾಟ ನಿಲ್ಲುತ್ತದೋ ಅಲ್ಲೇ ಬಿಡಿ. ಬೇರೆ ಫ್ಯಾನಿನ ಒಂಟಿ ರೆಕ್ಕೆ ತಂದು ಜೋಡಿಸಬೇಡಿ, ಮೂರೂ ತೂಕ ಹೊಂದಿಸಿ ಬಂದಿರುತ್ತವೆ.

ಕೊಕ್ಕೆ ಮುಚ್ಚುವ ಮೇಲಿನ ಕಪ್ ಇಳಿಸಿದಾಗಲೆಲ್ಲ ಕೊಕ್ಕೆಯ ರಬ್ಬರ್ ಬುಷ್ ನೋಡಿ. ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದ್ದರೆ ಬದಲಿಸಿ, ಟಕ್ ಟಕ್ ಸದ್ದು ಎಷ್ಟೋ ಸಲ ಅಲ್ಲಿಯದೇ. ಕರಾವಳಿಯಲ್ಲಾದರೆ ಬೋಲ್ಟಿಗೆ ತುಕ್ಕು ಹಿಡಿದಿದೆಯೇ ನೋಡಿ. ಬೋಲ್ಟ್ ತೆಗೆದ ಮೇಲೆ ಅದು ಕಳಚದಂತೆ ಹಿಡಿಯುವ ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ತೂರಿಸಬೇಡಿ, ಒಮ್ಮೆ ಬಗ್ಗಿದ ಕಾಲು ಎರಡನೇ ಸಲ ಮುರಿಯಬಹುದು. ಹೊಸದು ಹಾಕಿ, ಎರಡೂ ಕಾಲುಗಳನ್ನು ಪೂರ್ತಿ ಅಗಲಿಸಿ, ಆಮೇಲೆಯೇ ಕಪ್ ಏರಿಸಿ.