ಮಗುವನ್ನು ಸಿನಿಮಾಗೆ ಕರೆದಿದ್ದಾರಾ? ಒಪ್ಪುವ ಮುಂಚೆ ಇಷ್ಟು ಮಾಡಿ

ಕಳೆದ ತಿಂಗಳು ನಮ್ಮ ಬ್ಯಾಂಕಿಗೆ ಒಬ್ಬ ತಾಯಿ ಬಂದಿದ್ದರು. ಜೊತೆಗೆ ಏಳು ವರ್ಷದ ಮಗಳು. ಡ್ಯಾನ್ಸ್ ಕ್ಲಾಸಿನಲ್ಲಿ ಯಾರೋ ನೋಡಿ ಸಿನಿಮಾಗೆ ಕರೆದಿದ್ದಾರಂತೆ. "ಮೇಡಂ, ಅಡ್ವಾನ್ಸ್ ದುಡ್ಡು ನನ್ನ ಅಕೌಂಟಿಗೇ ಹಾಕಿಸಿಕೊಳ್ಳಬಹುದಾ?" ಅಂತ ಕೇಳಿದರು. ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು ಅವರನ್ನು ಕೂರಿಸಿಕೊಂಡೆ. ನಾನೂ ಆರನೇ ವಯಸ್ಸಿನಿಂದ ಹನ್ನೊಂದರವರೆಗೆ ಹೆಸರಿನ ಮುಂದೆ 'ಬೇಬಿ' ಅಂತ ಹಾಕಿಸಿಕೊಂಡು ಒಂಬತ್ತು ಸಿನಿಮಾದಲ್ಲಿ ನಟಿಸಿದವಳು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮಗುವನ್ನು ಕೇಳಿ. ಬಂದವರ ಎದುರಿಗೆ ಕೇಳಬೇಡಿ. ಎಲ್ಲರೂ ನಗುತ್ತಾ ನೋಡುತ್ತಿರುವಾಗ ಯಾವ ಮಗುವೂ ಬೇಡ ಅನ್ನುವುದಿಲ್ಲ. ಸಾಧ್ಯವಾದರೆ ಒಂದು ದಿನ ಸುಮ್ನೆ ಶೂಟಿಂಗ್ ನೋಡಲು ಕರೆದುಕೊಂಡು ಹೋಗಿ. ಅಲ್ಲಿ ನಟನೆಗಿಂತ ಕಾಯುವುದೇ ಜಾಸ್ತಿ. ಲೈಟ್ ಕೂರಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಕೂರಿಸುತ್ತಾರೆ. ಜನರೇಟರ್ ಸದ್ದು ನಿಲ್ಲುವುದಿಲ್ಲ. ಇದೆಲ್ಲ ನೋಡಿಯೂ ಮರುದಿನ ಬೆಳಗ್ಗೆ ಮಗು "ನಾನು ಮಾಡ್ತೀನಿ" ಅಂದರೆ ಆಗ ಮಾತು ಮುಂದುವರಿಸಿ. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ನಟಿಸುವಂತಿಲ್ಲ ಅಂತ ಕಾನೂನೂ ಹೇಳುತ್ತದೆ.

ಆಮೇಲೆ ಕಾಗದ ಪತ್ರ. ಬಾಲಕಾರ್ಮಿಕರ ಕಾಯ್ದೆ 1986ರದ್ದು. 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ಬಾಲಕಲಾವಿದರಿಗೆ ಅಂತಲೇ ನಿಯಮ ಬಂತು. ಹದಿನಾಲ್ಕು ತುಂಬದ ಮಗುವನ್ನು ಹಾಕಿಕೊಳ್ಳುವ ನಿರ್ಮಾಪಕರು ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ಅನುಮತಿ ಪಡೆಯಬೇಕು. ನಿಮ್ಮ ಮನೆ ಬೆಂಗಳೂರಿನಲ್ಲಿದ್ದು ಶೂಟಿಂಗ್ ಸಕಲೇಶಪುರದಲ್ಲಾದರೆ ಅನುಮತಿ ಹಾಸನ ಜಿಲ್ಲೆಯದು. ಅದಕ್ಕೆ ಓಡಾಡುವುದು ನಿರ್ಮಾಪಕರ ಕೆಲಸ. ನೀವು ಮಾಡಬೇಕಾದ್ದು ಒಪ್ಪಿಗೆ ಪತ್ರ ಓದಿ ಸಹಿ ಹಾಕುವುದು, ಅನುಮತಿಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳುವುದು. "ಅದೆಲ್ಲ ನಾವು ನೋಡ್ಕೋತೀವಿ ಮೇಡಂ" ಅಂದರೆ ಇನ್ನೊಂದು ಸಲ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಹೊತ್ತಿನ ಲೆಕ್ಕವೂ ಅದೇ ನಿಯಮದಲ್ಲಿದೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು. ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೂಡದು. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೂಡದು. ಪ್ರತಿ ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು. ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಗಡಿಯಾರ ನೋಡುವ ಕೆಲಸ ಮಾತ್ರ ನಿಮ್ಮದೇ. ಒಂದು ಪುಟ್ಟ ಪುಸ್ತಕದಲ್ಲಿ ಬಂದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ. ನನಗೆ ಏಳು ವರ್ಷ ಇದ್ದಾಗ ರಾತ್ರಿ ಎರಡು ಗಂಟೆಗೆ ಎಬ್ಬಿಸಿ, ಮುಖಕ್ಕೆ ನೀರು ಚಿಮುಕಿಸಿ, ಹಾಡಿನ ಮಧ್ಯೆ ನಿಲ್ಲಿಸಿದ್ದು ಇವತ್ತಿಗೂ ನೆನಪಿದೆ. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ, ನನ್ನ ಅಮ್ಮನಿಗೂ ಸೇರಿ.

ಇನ್ನು ದುಡ್ಡು. ಮಗು ದುಡಿದ ಹಣದಲ್ಲಿ ಕನಿಷ್ಠ 20% ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ ನೇರವಾಗಿ ಬೀಳಬೇಕು. ಹದಿನೆಂಟು ತುಂಬಿದ ಮೇಲೆ ಮಗುವಿಗೇ ಸೇರಬೇಕು. ಇದು ಕಾನೂನಿನ ಮಾತು. ನನ್ನ ಮಾತು ಬೇರೆ. ಓಡಾಟದ ಖರ್ಚು ಕಳೆದು ಉಳಿದಿದ್ದು ಪೂರ್ತಿ ಮಗುವಿನದೇ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮಗುವಿನ ಹೆಸರಿಗೆ ಉಳಿತಾಯ ಖಾತೆ ತೆರೆಯಿರಿ. ಜನನ ಪ್ರಮಾಣಪತ್ರ, ಆಧಾರ್, ನಿಮ್ಮ ಗುರುತಿನ ಚೀಟಿ ಸಾಕಾಗುತ್ತದೆ. ಪ್ಯಾನ್ ಕಾರ್ಡನ್ನೂ ಮಾಡಿಸಿ, ಅಪ್ರಾಪ್ತರಿಗೂ ಕೊಡುತ್ತಾರೆ. ಮಗು ತನ್ನ ಪ್ರತಿಭೆಯಿಂದ ದುಡಿದ ಹಣ ತೆರಿಗೆ ಲೆಕ್ಕದಲ್ಲಿ ಅಪ್ಪ ಅಮ್ಮನ ಆದಾಯಕ್ಕೆ ಸೇರುವುದಿಲ್ಲ, ಮಗುವಿನ ಸ್ವಂತ ಆದಾಯ ಅನ್ನಿಸಿಕೊಳ್ಳುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಈ ಪಾಠ ಕಲಿಯಲು ಜಗತ್ತಿಗೆ ಒಬ್ಬ ಹುಡುಗ ಬೇಕಾಯಿತು. ಜಾಕಿ ಕೂಗನ್. 1921ರಲ್ಲಿ ಚಾರ್ಲಿ ಚಾಪ್ಲಿನ್ ಜೊತೆ ನಟಿಸಿ ಲೋಕವೇ ಕಣ್ಣೀರು ಹಾಕುವಂತೆ ಮಾಡಿದ ಮಗು. ಅವನು ದುಡಿದದ್ದು ಮೂವತ್ತು ನಲವತ್ತು ಲಕ್ಷ ಡಾಲರ್ ಅಂತ ಅಂದಾಜು. 1935ರಲ್ಲಿ ಇಪ್ಪತ್ತೊಂದು ತುಂಬಿ ತನ್ನ ದುಡ್ಡು ಕೇಳಿದಾಗ ತಾಯಿ ಮತ್ತು ಮಲತಂದೆ ಕೊಡಲಿಲ್ಲ. 1938ರಲ್ಲಿ ಕೋರ್ಟಿಗೆ ಹೋದ. ಕೊನೆಗೆ ಕೈಗೆ ಬಂದಿದ್ದು ಸುಮಾರು 1,26,000 ಡಾಲರ್. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಹಣ ಕಾಯುವ ಕಾನೂನು ಬಂತು. ಇವತ್ತಿಗೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಸಂಜೆ ಒಂದು ಕವರ್ ಕೊಡುತ್ತಿದ್ದರು, ಅಪ್ಪ ಶರ್ಟಿನ ಒಳಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಅತ್ತೆಯ ಮದುವೆ ಆಯಿತು, ಮನೆಗೆ ಮೋಲ್ಡು ಬಿತ್ತು. ಅಪ್ಪ ಕೆಟ್ಟವರಲ್ಲ. ಆದರೆ ಪಿಯುಸಿ ಮುಗಿದ ಮೇಲೆ "ನನ್ನ ದುಡ್ಡಲ್ಲಿ ಎಂಜಿನಿಯರಿಂಗ್ ಓದ್ಲಾ ಅಪ್ಪಾ?" ಅಂತ ಕೇಳಿದೆ. ಅವರು ತಟ್ಟೆಯ ಮುಂದೆ ಕೂತವರು ತಲೆ ಎತ್ತಲೇ ಇಲ್ಲ. ಬಿಕಾಂ ಓದಿದೆ. ಈ ಕೆಲಸ ನನಗೆ ಇಷ್ಟ, ಆದರೂ ಆ ಊಟದ ಹೊತ್ತು ಮರೆಯಲು ಆಗಿಲ್ಲ.

ಅಳುವ ದೃಶ್ಯದ ಬಗ್ಗೆ ಮೊದಲೇ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. "ಮಗುವನ್ನು ಹೇಗೆ ಅಳಿಸ್ತೀರಿ?" ಅಂತ ನಿರ್ದೇಶಕರನ್ನೋ ಅಸೋಸಿಯೇಟನ್ನೋ ನೇರವಾಗಿ ಕೇಳಿ. ನನ್ನ ಮೂರನೇ ಸಿನಿಮಾದಲ್ಲಿ ನನಗೆ ಅಳು ಬರಲಿಲ್ಲ. ಗ್ಲಿಸರಿನ್ ಹಾಕಿದರು, ಕಣ್ಣು ಉರಿಯಿತು, ನಾನು ಉಜ್ಜಿಕೊಂಡೆ, ಮೇಕಪ್ ಕೆಟ್ಟಿತು. ಹೊತ್ತು ಮುಳುಗುತ್ತಿತ್ತು. ಆಗ ಒಬ್ಬರು ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮ್ಮಮ್ಮ ನಿನ್ನ ಬಿಟ್ಟು ಬಸ್ ಹತ್ತಿ ಹೋದರು" ಅಂದರು. ಅಮ್ಮ ಕೂತಿದ್ದ ಕುರ್ಚಿ ನೋಡಿದೆ. ಖಾಲಿ ಇತ್ತು. ಅವರನ್ನು ಬೇಕಂತಲೇ ಕಾಫಿಗೆ ಕಳಿಸಿದ್ದರು. ನಾನು ಕಿರುಚಿಕೊಂಡು ಅತ್ತೆ. ಕ್ಯಾಮೆರಾ ಓಡಿತು. ಕಟ್ ಅಂದ ತಕ್ಷಣ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಅಳು ಮಾತ್ರ ನಿಲ್ಲಲಿಲ್ಲ. ಸಿನಿಮಾ ನೋಡಿದವರೆಲ್ಲ ಆ ಕ್ಲೋಸಪ್ ಹೊಗಳಿದರು. ಎಷ್ಟೋ ವರ್ಷ ಅಮ್ಮ ತರಕಾರಿಗೆ ಹೋದರೂ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಹಾಗಾಗಿ ಮಗುವಿನ ಕಣ್ಣಿಗೆ ಕಾಣುವ ಜಾಗದಲ್ಲೇ ಕೂರಿ. ಕಾಫಿಗೂ ಏಳಬೇಡಿ. ಹೆದರಿಸುವುದು, ಹೊಡೆಯುವುದು, ಸುಳ್ಳು ಹೇಳುವುದು ಕಂಡರೆ ಅವತ್ತೇ ನಿಲ್ಲಿಸಿ. ಕೈ ಮೀರಿದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳ ಸಹಾಯವಾಣಿ.

ಶಾಲೆಗೆ ಮೊದಲೇ ಬರೆದು ಕೊಡಿ. ತಪ್ಪಿದ ಪಾಠವನ್ನು ಸೆಟ್ಟಿನಲ್ಲೇ ಓದಿಸಿ. ಪಾಠ ತಪ್ಪದಂತೆ ನೋಡಿಕೊಳ್ಳುವುದು ನಿರ್ಮಾಪಕರ ಹೊಣೆ ಕೂಡ.

ಎಲ್ಲಕ್ಕಿಂತ ಕಷ್ಟದ ಕೆಲಸ ಶೂಟಿಂಗ್ ಮುಗಿದ ಮೇಲೆ ಬರುತ್ತದೆ. ಒಂದು ದಿನ ಕರೆಯುವುದು ನಿಲ್ಲುತ್ತದೆ. ಹಲ್ಲು ಬೀಳುತ್ತದೆ, ಧ್ವನಿ ಒಡೆಯುತ್ತದೆ, ಉದ್ದ ಆಗುತ್ತಾರೆ. ನಮ್ಮ ಮನೆಗೆ ಬಂದ ಕೊನೆಯ ಮ್ಯಾನೇಜರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಓ, ಬೆಳೆದುಬಿಟ್ಟಿದ್ದಾಳೆ" ಅಂದು ಕಾಫಿ ಕುಡಿದು ಹೋದರು. ಆಮೇಲೆ ಯಾರೂ ಬರಲಿಲ್ಲ. ಪಕ್ಕದ ಮನೆಯ ಫೋನ್ ರಿಂಗಾದಾಗೆಲ್ಲ ನಾನು ಕಾಂಪೌಂಡಿನವರೆಗೆ ಓಡುತ್ತಿದ್ದೆ. ನಾನೇನೋ ತಪ್ಪು ಮಾಡಿದ್ದೇನೆ ಅಂದುಕೊಂಡಿದ್ದೆ.

ಇಲ್ಲಿ ಎಲ್ಲರೂ ಪುನೀತ್ ರಾಜ್‌ಕುಮಾರ್ ಹೆಸರು ಹೇಳುತ್ತಾರೆ. 1985ರ 'ಬೆಟ್ಟದ ಹೂವು' ಚಿತ್ರಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದವರು, 2002ರಲ್ಲಿ ನಾಯಕನಾಗಿ ಬಂದರು. ಅವರ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ. ಆದರೆ ಅವರೂ 1989ರ ನಂತರ ಹದಿಮೂರು ವರ್ಷ ತೆರೆಯಿಂದ ದೂರ ಇದ್ದವರು. ತಂದೆ ರಾಜ್‌ಕುಮಾರ್, ತಾಯಿ ನಿರ್ಮಾಪಕಿ ಪಾರ್ವತಮ್ಮ. ವಾಪಸ್ ಬರಲು ಮನೆಯ ಬಾಗಿಲೇ ತೆರೆದಿತ್ತು. ನಮ್ಮ ನಿಮ್ಮ ಮಕ್ಕಳಿಗೆ ಹಾಗಿರುವುದಿಲ್ಲ ಅಲ್ವಾ?

ಅದಕ್ಕೆ ಮೊದಲ ದಿನವೇ ಹೇಳಿಬಿಡಿ: "ಪುಟ್ಟಾ, ಇದು ಈ ಒಂದು ಸಿನಿಮಾ. ಮುಗಿದ ಮೇಲೆ ನಾವು ಮನೆಗೆ ಹೋಗ್ತೀವಿ." ಮನೆಯಲ್ಲಿ ಬೇಬಿ, ಮಾಸ್ಟರ್ ಅಂತ ಕರೆಯಬೇಡಿ. ನೆಂಟರು ಬಂದಾಗ ಡೈಲಾಗ್ ಹೇಳಿಸಬೇಡಿ.

ಚೀಲದಲ್ಲಿ ಇಷ್ಟಿರಲಿ: ಮನೆಯ ಮೊಸರನ್ನ, ಮೇಕಪ್ ತೆಗೆಯಲು ಕೊಬ್ಬರಿ ಎಣ್ಣೆ ಮತ್ತು ಹಳೆಯ ಹತ್ತಿ ಬಟ್ಟೆ, ಮಗು ರಾತ್ರಿ ಹೊದೆಯುವ ಅದೇ ಹೊದಿಕೆ, ಶಾಲೆಯ ಪುಸ್ತಕ. ಕೊನೆಯ ದಿನ ಸ್ಟಿಲ್ ಫೋಟೋ ಕೇಳಿ ತನ್ನಿ, ಆಮೇಲೆ ಸಿಗುವುದಿಲ್ಲ. ನನ್ನ ಹತ್ತಿರ ಇರುವುದು ಒಂದೇ. ಸೆಟ್ಟಿನ ಮೆಟ್ಟಿಲ ಮೇಲೆ ಕೂತಿದ್ದೇನೆ, ಕೈಯಲ್ಲಿ ಲೈಟ್‌ಬಾಯ್ ಅಣ್ಣ ಕೊಟ್ಟ ಬೆಣ್ಣೆ ಬಿಸ್ಕತ್ತು, ಹಿಂದೆ ಕುರ್ಚಿಯಲ್ಲಿ ಅಮ್ಮನ ಸೀರೆಯ ಅಂಚು.